ಹೊಗೆಯ ಬಗ್ಗೆ ಕೇಳಿದರೆ ರಸ್ತೆಯ ಬಗ್ಗೆ ಹೇಳಿ ಹೋದವರಿಗೆ

ಪಕ್ಷದ ಪ್ರಚಾರ ಸಮಿತಿಯ ಅಧ್ಯಕ್ಷರಿಗೆ, ರೀಗಾ, ಲಾತ್ವಿಯಾ

ಮಾನ್ಯರೇ,

ಪತ್ರಿಕೆಯಲ್ಲಿ ನಿಮ್ಮ ಹೇಳಿಕೆ ಓದಿದೆ. ಯುರೋಪಿನ ಸಂಸತ್ತಿನ ಚುನಾವಣೆಯಲ್ಲಿ ವೇಯ್ರಾಗ್ಸ್‌ನಂಥ ಸಣ್ಣ ಮೀನುಗಾರರ ಊರುಗಳೂ ನಿಮ್ಮ ಪಕ್ಷಕ್ಕೆ ಮೊದಲ ಸ್ಥಾನ ಕೊಟ್ಟಿವೆಯಂತೆ. ಕಡಲತೀರದ ಜನ ನಿಮ್ಮ ಜೊತೆ ನಿಂತು ಸರ್ಕಾರಕ್ಕೆ ತಕ್ಕ ಪಾಠ ಕಲಿಸಿದ್ದಾರಂತೆ. ನಾನು ಅದೇ ವೇಯ್ರಾಗ್ಸ್‌ನವಳು. ನಿಮಗೆ ಮತ ಹಾಕಿದವಳು. ನಾವು ಯಾರಿಗೂ ಯಾವ ಪಾಠವನ್ನೂ ಕಲಿಸಲಿಲ್ಲ ಸ್ವಾಮಿ. ನಿಮ್ಮ ಅಭ್ಯರ್ಥಿಯನ್ನು ಸೋಲಿಸಲು ಹೋಗಿ ನಮ್ಮ ತಲೆಯ ಮೇಲೆ ನಾವೇ ಚಪ್ಪಡಿ ಎಳೆದುಕೊಂಡೆವು. ಅದು ಹೇಗೆಂದು ಹೇಳುವುದಕ್ಕೇ ಈ ಪತ್ರ. ನಿಮ್ಮ ಕಚೇರಿಗೆ ಬರೆದ ಹಿಂದಿನ ಎರಡು ಪತ್ರಗಳಿಗೆ ಉತ್ತರ ಬಾರದ ಕಾರಣ ಇದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನನ್ನ ದೂರು ಇಷ್ಟೇ. ಯುರೋಪಿನ ಸಂಸತ್ತು ಕೂರುವ ಬ್ರಸೆಲ್ಸ್‌ಗೆ ಕಳಿಸಬೇಕಾದವರನ್ನು ಆರಿಸಿ ಎಂದು ನೀವು ನಮ್ಮ ಬಾಗಿಲಿಗೆ ಬಂದಿರಿ. ಬಂದವರು ಬ್ರಸೆಲ್ಸ್ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾತಾಡಿ ಹೋದಿರಿ. ಪಟ್ಟಣದ ಆಸ್ಪತ್ರೆಯ ಹೆರಿಗೆ ವಾರ್ಡು, ನಮ್ಮೂರಿನ ಜಲ್ಲಿ ರಸ್ತೆ, ಪಿಂಚಣಿ, ಪ್ರಧಾನಿಯ ಸೊಕ್ಕು, ಯಾವುದೋ ಮಂತ್ರಿಯ ಬೇಸಿಗೆ ಮನೆ. ಇವುಗಳಲ್ಲಿ ಒಂದಾದರೂ ನಿಮ್ಮ ಅಭ್ಯರ್ಥಿ ಹೋಗಿ ಕೂರಲಿರುವ ಸಭೆಯಲ್ಲಿ ತೀರ್ಮಾನವಾಗುತ್ತದೆಯೇ? ಅಲ್ಲಿ ತೀರ್ಮಾನವಾಗುವ ಒಂದೇ ಒಂದು ವಿಷಯವನ್ನು ನಾನು ಎದ್ದು ನಿಂತು ಕೇಳಿದೆ. ಅದಕ್ಕೆ ಉತ್ತರ ಇವತ್ತಿಗೂ ಬಂದಿಲ್ಲ.

ನಾನು ಮೀನಿಗೆ ಹೊಗೆ ಹಾಕುವವಳು. ನನ್ನ ಗಂಡ ತಾಲಿಸ್ ದೋಣಿಯಲ್ಲಿ ಹೋಗಿ ಹಿಡಿದು ತರುತ್ತಾನೆ, ನಾನು ಮನೆಯ ಹಿಂದಿನ ಹೊಗೆಮನೆಯಲ್ಲಿ ಅದನ್ನು ಹದ ಮಾಡುತ್ತೇನೆ. ಮೇ ತಿಂಗಳಲ್ಲಿ ಹಸಿರು ಮುಳ್ಳಿನ ಗಾಳಿಮೀನು, ಬೇಸಿಗೆ ಪೂರ್ತಿ ಚಪ್ಪಟೆ ಮೀನು. ಉಪ್ಪು ಹಿಡಿಸಿ, ಸರಳಿಗೆ ಪೋಣಿಸಿ, ಗಾಳಿಗೆ ಒಣಗಿಸಿ, ಆಮೇಲೆ ಇಟ್ಟಿಗೆಯ ಗೂಡಿನಲ್ಲಿ ನೇತುಹಾಕಿ ಕೆಳಗೆ ಬೆಂಕಿ. ಆ ಬೆಂಕಿಗೆ ಆಲ್ಡರ್ ಮರದ ಸೌದೆಯೇ ಆಗಬೇಕು, ಅದೂ ತೊಗಟೆ ಸುಲಿದದ್ದು. ಬೆಂಕಿ ಜೋರಾದರೆ ಮೀನು ಬೆಂದು ಕೆಳಗೆ ಬೀಳುತ್ತದೆ, ಮಂದವಾದರೆ ಕಹಿಯಾಗುತ್ತದೆ. ನನ್ನ ಅತ್ತೆ ಮಿಲ್ದಾ ಈ ಗೂಡಿನ ಮುಂದೆ ಕೂತೇ ಮುದುಕಿಯಾದಳು. ಈಗ ನನ್ನ ಮಗಳು ದಗ್ನಿಯಾ ಪಟ್ಟಣದ ಅಂಚೆ ಕಚೇರಿಯ ಕೆಲಸ ಬಿಟ್ಟು ಇದನ್ನು ನಡೆಸುತ್ತೇನೆ ಎನ್ನುತ್ತಿದ್ದಾಳೆ. ಅವಳಿಗೆ ಯಾರೂ ಒತ್ತಾಯ ಮಾಡಲಿಲ್ಲ. ಅಂಚೆ ಕಚೇರಿಯಲ್ಲಿ ಕೂತರೆ ಕೈಗೆ ಯಾವ ವಾಸನೆಯೂ ಹತ್ತುವುದಿಲ್ಲ, ಅದೇ ತನಗೆ ಬೇಸರ ಎಂದಳು.

ತೊಂದರೆ ಎಂದರೆ ಹಳೆಯ ಗೂಡು ಬಿರುಕು ಬಿಟ್ಟಿದೆ. ಈ ವರ್ಷ ಒಡೆದು ಕಟ್ಟಲೇಬೇಕು. ಹೊಗೆಯಿಂದ ಮೀನಿಗೆ ಹತ್ತುವ ಕಲ್ಮಶ ಇಷ್ಟೇ ಇರಬೇಕು ಎಂದು ಯುರೋಪಿಗೆಲ್ಲ ಒಂದು ಮಿತಿ ಇದೆ. ನಮ್ಮಂಥ ಸಣ್ಣ ಹೊಗೆಮನೆಗಳಿಗೆ ಆ ಮಿತಿಯಿಂದ ಕೊಂಚ ರಿಯಾಯಿತಿ ಇದೆ. ಆ ರಿಯಾಯಿತಿ ಉಳಿಯಬೇಕೋ ಹೋಗಬೇಕೋ ಎಂಬ ಚರ್ಚೆ ಹೊಸ ಸಂಸತ್ತಿನ ಅವಧಿಯಲ್ಲಿ ಬರುತ್ತದೆ ಎಂದು ತಪಾಸಣೆಗೆ ಬಂದ ಅಧಿಕಾರಿ ನನ್ನೆದುರೇ ಹೇಳಿದರು. ಉಳಿದರೆ ಇಟ್ಟಿಗೆಯ ಗೂಡು ಕಟ್ಟಬಹುದು, ದಗ್ನಿಯಾ ಕೆಲಸ ಬಿಡಬಹುದು. ಹೋದರೆ ಕಟ್ಟಿದ್ದೆಲ್ಲ ದಂಡ, ಅವಳು ಅಂಚೆ ಕಚೇರಿಯಲ್ಲೇ ಇರುವುದು ಒಳ್ಳೆಯದು. ಹೊಗೆ ಅಮೃತ ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಕೆಡುಕಿದ್ದರೆ ಹಾಗೆಂದು ನನ್ನ ಮುಖಕ್ಕೆ ಹೇಳಿ, ಕೇಳಿಸಿಕೊಳ್ಳುವಷ್ಟು ಬುದ್ಧಿ ನನಗಿದೆ. ನನಗೆ ಬೇಕಾದದ್ದು ನಮ್ಮ ಪರವಾದ ಉತ್ತರವಲ್ಲ, ಒಂದು ಉತ್ತರ.

ಮೇ ತಿಂಗಳಲ್ಲಿ ನೀವು, ನಿಮ್ಮ ಪಟ್ಟಿಯ ಮೊದಲ ಹೆಸರಿನ ಅಭ್ಯರ್ಥಿಯನ್ನು ಕರೆದುಕೊಂಡು ನಮ್ಮೂರಿನ ಸಮುದಾಯ ಭವನಕ್ಕೆ ಬಂದಿರಿ. ನಾವು ಕಾಫಿ ಕಾಯಿಸಿ, ಹಂದಿಮಾಂಸದ ಚೂರು ತುಂಬಿದ ಬನ್ನು ಸುಟ್ಟು ಇಟ್ಟಿದ್ದೆವು. ವೇದಿಕೆಯ ಹಿಂದೆ ದೊಡ್ಡ ಬ್ಯಾನರು ಕಟ್ಟಿದ್ದಿರಿ. ಅದರಲ್ಲಿ ಅವರ ನಗುಮುಖ, ಪಕ್ಕದಲ್ಲಿ 'ಮೊದಲು ನಮ್ಮ ಮನೆ' ಎಂಬ ದಪ್ಪಕ್ಷರ. ಅವರು ಚೆನ್ನಾಗಿ ಮಾತಾಡಿದರು, ಅದನ್ನು ಒಪ್ಪಬೇಕು. ಹೆರಿಗೆ ವಾರ್ಡಿನ ಮಾತು ಬಂದಾಗ ಸಭೆಯಲ್ಲಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ಬಸುರಿಯರನ್ನು ಆ ಜಲ್ಲಿ ರಸ್ತೆಯಲ್ಲಿ ಕುಲುಕಿಸಿಕೊಂಡು ಅಷ್ಟು ದೂರ ಕರೆದೊಯ್ಯುವ ಸಂಕಟ ನಮಗೆ ಗೊತ್ತು. ಹೊಟ್ಟೆ ಉರಿಯುವ ಜಾಗ ಯಾವುದೆಂದು ನಿಮಗೂ ಗೊತ್ತಿತ್ತು. ಅಲ್ಲಿಗೇ ಕೈ ಹಾಕಿದಿರಿ.

ಚಪ್ಪಾಳೆ ನಿಂತ ಮೇಲೆ ನಾನು ಎದ್ದು ಹೊಗೆಮನೆಗಳ ರಿಯಾಯಿತಿಯ ಬಗ್ಗೆ ಕೇಳಿದೆ. ಅದು ಮತಕ್ಕೆ ಬಂದಾಗ ಅಲ್ಲಿ ಕೂತು ಯಾವ ಕಡೆ ಕೈ ಎತ್ತುತ್ತೀರಿ ಎಂದೆ. ಅಭ್ಯರ್ಥಿಯವರು ನಿಮ್ಮ ಮುಖ ನೋಡಿದರು. ನೀವು ಗಡಿಯಾರ ನೋಡಿದಿರಿ.

"ನೋಡೀಮ್ಮಾ," ಎಂದರು ಅವರು, "ಹೊಗೆ, ಮೀನು ಎಲ್ಲಾ ಇದ್ದೇ ಇರುತ್ತೆ. ಮೊದ್ಲು ಈ ಸರ್ಕಾರ ತೊಲಗ್ಲಿ. ನಿಮ್ಮ ಈ ರಸ್ತೆ ಇದ್ಯಲ್ಲ, ಇದಕ್ಕೆ ಡಾಂಬರು ಬೀಳೋ ತನಕ ನಾನು ಸುಮ್ನೆ ಕೂರಲ್ಲ."

ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಅತ್ತೆಗೆ ಕಿವಿ ಮಂದ, ನಾಲಿಗೆ ಮಂದವಲ್ಲ. "ಏನೇ ಔಸ್ತ್ರಾ, ರಸ್ತೆ ಇಲ್ಲಿದೆ, ಇವ್ನು ಬ್ರಸೆಲ್ಸ್‌ಗೆ ಹೋಗ್ತೀನಿ ಅಂತಾನಲ್ಲ," ಎಂದಳು. "ಅಲ್ಲಿಂದ ಡಾಂಬರು ಪೋಸ್ಟಲ್ಲಿ ಕಳಿಸ್ತಾನಾ? ನಮ್ಮ ದಗ್ನಿಯಾನೇ ಇಳಿಸ್ಕೋಬೇಕಾಗುತ್ತೆ."

ಸಭೆ ನಕ್ಕಿತು. ಅಭ್ಯರ್ಥಿಯವರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಪಿಂಚಣಿಯ ಮಾತು ಶುರುವಾಗಿತ್ತು.

ಸಭೆ ಮುಗಿದ ಮೇಲೆ ನೀವು ಮೀನು ಕೊಳ್ಳಲು ನಮ್ಮ ಅಂಗಳಕ್ಕೆ ಬಂದದ್ದು ನೆನಪಿರಬೇಕು. ಆಗಷ್ಟೇ ಇಳಿಸಿದ ಬಿಸಿ ಮೀನನ್ನು ನಿಂತಲ್ಲೇ ತಿಂದು ಬೆರಳು ನೆಕ್ಕಿದಿರಿ. ರೀಗಾದಲ್ಲಿ ಇಂಥದ್ದು ಸಿಗುವುದಿಲ್ಲ ಎಂದಿರಿ. ನಿಮ್ಮ ಬಗ್ಗೆ ನನಗೆ ಗೌರವವೇನಾದರೂ ಉಳಿದಿದ್ದರೆ ಅದು ಆ ಹೊತ್ತಿನದು, ಏಕೆಂದರೆ ಬಾಯಲ್ಲಿ ಮೀನಿದ್ದಾಗ ನೀವು ನಿಜ ಹೇಳಿದಿರಿ. ನಾನು ಮತ್ತೆ ಅದೇ ಪ್ರಶ್ನೆ ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರವನ್ನು ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ. ಅದನ್ನು ಗುಟ್ಟಾಗಿಡುವ ಮಾತನ್ನು ನಾನೇನೂ ಕೊಟ್ಟಿರಲಿಲ್ಲ.

"ಅಮ್ಮಾ, ಹೊಗೆ ವಿಷಯ ಪೋಸ್ಟರ್ ಮೇಲೆ ಹಾಕೋಕಾಗಲ್ಲ," ಎಂದಿರಿ. "ಅಲ್ಲಿ ಏನ್ ನಡೆಯುತ್ತೆ ಅಂತ ಜನಕ್ಕೂ ಬೇಡ, ಟೀವಿಯವ್ರಿಗೂ ಬೇಡ. ಜನಕ್ಕೆ ಸರ್ಕಾರದ ಮೇಲೆ ಸಿಟ್ಟಿದೆ. ಸಿಟ್ಟು ಎಲ್ಲಿದೆಯೋ ನಾವು ಅಲ್ಲಿಗೆ ಹೋಗ್ತೀವಿ. ಇದು ನಮ್ಮ ಶಾಸನಸಭೆ ಚುನಾವಣೆಗೆ ಒಂದು ತಾಲೀಮು, ಅಷ್ಟೇ ಅಂದ್ಕೊಳ್ಳಿ."

ಆಮೇಲೆ ಇನ್ನೊಂದು ಮೀನು ಕೈಗೆತ್ತಿಕೊಂಡು ಮತ್ತೂ ಒಂದು ಕಾರಣ ಹೇಳಿದಿರಿ. ಅಲ್ಲಿ ನಿಮ್ಮ ಪಕ್ಷದವರು ಬೇರೆ ದೇಶಗಳ ಪಕ್ಷಗಳ ಜೊತೆ ಒಂದು ಗುಂಪಾಗಿ ಕೂರುತ್ತಾರಂತೆ. ಆ ಗುಂಪಿನಲ್ಲಿ ಹೊಗೆ ಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಇಲ್ಲಿ ಬಾಯಿಬಿಟ್ಟು ಏನಾದರೂ ಹೇಳಿದರೆ ಅಲ್ಲಿ ಹೋಗಿ ಜಗಳವಾಡಬೇಕಾಗುತ್ತದೆ. ಅದಕ್ಕೇ ಹೇಳುವುದಿಲ್ಲ. ಇಷ್ಟು ಹೇಳಿ ಕೈ ಒರೆಸಿಕೊಂಡು ಕಾರು ಹತ್ತಿದಿರಿ.

ಮಾನ್ಯರೇ, ನಿಮ್ಮ ಕಾರಣಗಳನ್ನು ಇಷ್ಟು ದಿನ ಅಗಿದು ಅಗಿದು ನೋಡಿದ್ದೇನೆ. ಎಲ್ಲವೂ ನಿಜವೇ. ಆದರೆ ನೀವು ಹೇಳದೆ ಬಿಟ್ಟ ಕಾರಣ ಇನ್ನೊಂದಿದೆ. ಊರಿನ ಸಿಟ್ಟಿನ ಮೇಲೆ ಗೆದ್ದು ಅಲ್ಲಿಗೆ ಹೋದವನನ್ನು ಅಲ್ಲಿ ಮಾಡಿದ್ದೇನೆಂದು ಯಾರೂ ಕೇಳುವುದಿಲ್ಲ. ಏನೂ ಹೇಳದೆ ಹೋದವನು ಯಾವ ಮಾತಿಗೂ ತಪ್ಪುವುದಿಲ್ಲ. ಐದು ವರ್ಷ ಅಲ್ಲಿ ಕೈ ಎತ್ತಿ, ಇಳಿಸಿ, ನಾಳೆ ನಮ್ಮ ಗೂಡಿಗೆ ಬೀಗ ಬಿದ್ದಾಗ ಇದೇ ಸಮುದಾಯ ಭವನಕ್ಕೆ ಬಂದು 'ನೋಡಿ, ಬ್ರಸೆಲ್ಸ್‌ನವರು ನಿಮಗೆ ಎಂಥಾ ಅನ್ಯಾಯ ಮಾಡಿದರು' ಎಂದು ನೀವೇ ಕಣ್ಣೀರು ಹಾಕಬಹುದು. ಆಗ ಬ್ರಸೆಲ್ಸ್ ನೆನಪಾಗುತ್ತದೆ. ಮತ ಕೇಳುವಾಗ ಇಲ್ಲದ ಊರು ಬೈಯುವಾಗ ಎಲ್ಲಿಂದ ಬರುತ್ತದೆ? ಜನಕ್ಕೆ ಬೇಡ ಎಂದಿರಲ್ಲ, ಬೇಕು ಎಂದು ಎದ್ದು ನಿಂತವಳಿಗೆ ಏನು ಕೊಟ್ಟಿರಿ? ಕೇಳುವವರಿಲ್ಲ ಎಂದು ನೀವು ಹೇಳುವುದಿಲ್ಲ, ನೀವು ಹೇಳುವುದಿಲ್ಲ ಎಂದು ಜನ ಕೇಳುವುದನ್ನೇ ಬಿಟ್ಟಿದ್ದಾರೆ. ಇದರಲ್ಲಿ ಯಾರು ಮೊದಲು ಬಾಯಿ ಬಿಡಬೇಕು, ಸಂಬಳ ತೆಗೆದುಕೊಳ್ಳುವವರೋ ಮೀನು ಸುಡುವವರೋ?

ಇನ್ನು ನಮ್ಮ ಪೆದ್ದುತನದ ಕಥೆ. ನಮ್ಮಲ್ಲಿ ಮತ ಹಾಕುವ ಕ್ರಮ ನಿಮಗೆ ಗೊತ್ತು, ಆದರೆ ಪತ್ರ ಬಹಿರಂಗವಾದ್ದರಿಂದ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮತಗಟ್ಟೆಯಲ್ಲಿ ಪಕ್ಷಕ್ಕೊಂದರಂತೆ ಎಲ್ಲ ಹಾಳೆಗಳನ್ನೂ ಕೈಗೆ ಕೊಡುತ್ತಾರೆ. ಒಂದೊಂದರಲ್ಲೂ ಆ ಪಕ್ಷದ ಅಭ್ಯರ್ಥಿಗಳ ಹೆಸರು. ನಮಗೆ ಬೇಕಾದ ಒಂದು ಹಾಳೆಯನ್ನು ಲಕೋಟೆಗೆ ಹಾಕಬೇಕು, ಉಳಿದದ್ದು ಕಸ. ಲಕೋಟೆಗೆ ಹಾಕುವ ಮುಂಚೆ, ಮೆಚ್ಚಿದ ಹೆಸರಿನ ಮುಂದೆ ಕೂಡುವ ಗುರುತು ಹಾಕಬಹುದು, ಮೆಚ್ಚದ ಹೆಸರಿಗೆ ಗೀಟು ಎಳೆಯಬಹುದು. ಗುರುತು ಹೆಚ್ಚು ಬಿದ್ದವರು ಆ ಪಟ್ಟಿಯಲ್ಲಿ ಮೇಲೇರುತ್ತಾರೆ, ಗೀಟು ಹೆಚ್ಚು ಬಿದ್ದವರು ಕೆಳಗಿಳಿಯುತ್ತಾರೆ. ಗುರುತು ಹಾಕುವುದರಲ್ಲಿ ಅಂಥ ಸುಖವೇನಿಲ್ಲ. ಗೀಟು ಎಳೆಯುವುದರಲ್ಲಿದೆ. ಎಂಥ ದೊಡ್ಡ ಮನುಷ್ಯನಾದರೂ ನಮ್ಮ ಪೆನ್ನಿನ ಕೆಳಗೆ ಒಂದು ಕ್ಷಣ ಮಲಗಲೇಬೇಕು. ಲಾತ್ವಿಯಾದ ಯಾವ ಅಡುಗೆಮನೆಗೆ ಬೇಕಾದರೂ ಹೋಗಿ ಕೇಳಿ, ಯಾರನ್ನು ಆರಿಸಿದೆವು ಎನ್ನುವುದು ಮರೆತಿರುತ್ತದೆ, ಯಾರನ್ನು ಹೊಡೆದು ಹಾಕಿದೆವು ಎನ್ನುವುದು ಮರೆತಿರುವುದಿಲ್ಲ.

ನಿಮ್ಮ ಸಭೆ ಮುಗಿದ ಮೇಲೆ ಊರಿಗೆ ಸಿಟ್ಟು ಬಂದಿತ್ತು. ನಮ್ಮೂರಿನಲ್ಲಿ ಹೊಗೆಮನೆ ನನ್ನದೊಂದೇ ಅಲ್ಲ. ಸುತ್ತಲಿನ ಅಂಗಳಗಳಲ್ಲೂ ಗೂಡುಗಳಿವೆ, ಎಲ್ಲರಿಗೂ ಅದೇ ಚಿಂತೆ. ಬ್ರೆಡ್ಡಿನ ವ್ಯಾನು ಬಂದಾಗ ಸಾಲಿನಲ್ಲಿ ನಿಂತು ನನ್ನ ಅತ್ತೆ ಘೋಷಿಸಿದಳು. "ನಮ್ಮ ಔಸ್ತ್ರಾ ಕೇಳಿದ್ದಕ್ಕೆ ಅವ್ನು ಹಲ್ಲು ಕಿರಿದ. ಅವ್ನ ಹೆಸರಿಗೆ ನಾನು ಗೀಟು ಎಳೀತೀನಿ ನೋಡ್ತಿರಿ, ಹಾಳೆ ಹರೀಬೇಕು," ಎಂದಳು. ಮಾತು ಅಂಗಳದಿಂದ ಅಂಗಳಕ್ಕೆ ಹೋಯಿತು. ಗೀಟು, ಗೀಟು, ಎಲ್ಲರ ಬಾಯಲ್ಲೂ ಅದೇ. ತಮಾಷೆಯೆಂದರೆ ಇದೇ ಜನ ಹಿಂದಿನ ಚುನಾವಣೆಗಳಲ್ಲಿ ನಿಮ್ಮ ಪಕ್ಷದ ಹಾಳೆಯನ್ನು ಕಡೆಗಣ್ಣಿನಿಂದಲೂ ನೋಡಿದವರಲ್ಲ.

ಶನಿವಾರ ಗ್ರಂಥಾಲಯದಲ್ಲಿ ಮತದಾನ. ಮತಗಟ್ಟೆಯ ಮುಖ್ಯಸ್ಥೆ ನಮ್ಮ ಗ್ರಂಥಪಾಲಕಿ ಇನಾರಾ. ಜನ ಎಂದಿಗಿಂತ ಹೆಚ್ಚು ಬಂದರು. ನಗುನಗುತ್ತಾ ಬಂದರು. ನಾನು ಪರದೆಯ ಹಿಂದೆ ಹೋಗಿ ಹಾಳೆಗಳನ್ನು ಹರಡಿದೆ, ನಿಮ್ಮ ಪಕ್ಷದ ಹಾಳೆ ಹುಡುಕಿದೆ, ಮೊದಲ ಹೆಸರಿನ ಮೇಲೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಪೆನ್ನು ಆಡಿಸಿದೆ. ಎದೆ ಹಗುರವಾಯಿತು. ಹಾಳೆ ಮಡಚಿ ಲಕೋಟೆಗೆ ಹಾಕಿ, ಅಂಟಿಸಿ, ಪೆಟ್ಟಿಗೆಗೆ ಇಳಿಸಿದೆ. ಹೊರಗೆ ಬಂದಾಗ ತಾಲಿಸ್ ಬೇಲಿಗೆ ಒರಗಿ ನಿಂತಿದ್ದ. ಮುಗೀತಾ ಎಂದ. ಮುಗೀತು, ಅವನ ಕಥೆ ಮುಗೀತು ಎಂದೆ. ಅವನೂ ಅದನ್ನೇ ಮಾಡಿ ಬಂದಿದ್ದ.

ಮಾರನೇ ದಿನ ಮಧ್ಯಾಹ್ನ ಇನಾರಾ ಮೀನು ಕೊಳ್ಳುವ ನೆಪದಲ್ಲಿ ಬಂದಳು. ಕಣ್ಣು ಕೆಂಪಗಿತ್ತು, ಎಣಿಕೆಯಲ್ಲಿ ನಿದ್ದೆ ಕೆಟ್ಟಿರಬೇಕು. ನಿಮ್ಮ ಪಕ್ಷ ನಮ್ಮೂರಿನಲ್ಲಿ ಎಲ್ಲರಿಗಿಂತ ಮುಂದಿದೆ ಎಂದು ಅವಳು ಹೇಳಿದಾಗ ನಾನು ನಂಬಲಿಲ್ಲ. ಯಾರ ಮತವೆಂದು ತನಗೆ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ, ಆದರೆ ಒಂದು ಹೆಸರಿನ ಮೇಲೆ ಊರಿನವರು ಪೆನ್ನು ಒತ್ತಿದ ರೀತಿ ನೋಡಿ ಮೇಜೇ ತೂತಾಗಿರಬೇಕು ಅಂದುಕೊಂಡೆ ಎಂದಳು.

"ಗೀಟು ಎಳೀಬೇಕಾದ್ರೆ ಹಾಳೆ ಅವ್ರದ್ದೇ ಅಲ್ವೇನೇ ಔಸ್ತ್ರಾ," ಎಂದಳು. "ಆ ಹಾಳೆ ಪೆಟ್ಟಿಗೇಲಿ ಬಿದ್ಮೇಲೆ ವೋಟು ಅವ್ರಿಗೇ. ಲಕೋಟೆ ಒಂದೊಂದಾಗಿ ಬಿಡಿಸ್ತಾ ನನ್ಗೆ ಅಳು ಬಂತು. ಅಲ್ಲಿ ನಾನು ಬಾಯಿ ಬಿಡೋ ಹಾಗಿರ್ಲಿಲ್ಲ, ಮುಖ್ಯಸ್ಥೆ."

ನಾನು ಸರಳಿಗೆ ಮೀನು ಪೋಣಿಸುತ್ತಿದ್ದೆ. ಸರಳನ್ನು ಪಕ್ಕಕ್ಕಿಟ್ಟೆ. ಗೊತ್ತಿಲ್ಲದ ವಿಷಯವಲ್ಲ ಸ್ವಾಮಿ, ಶಾಲೆಯ ಮಕ್ಕಳಿಗೂ ಗೊತ್ತು. ಹಾಳೆ ಪಕ್ಷಕ್ಕೆ, ಗೀಟು ಮನುಷ್ಯನಿಗೆ. ಎಷ್ಟೋ ಚುನಾವಣೆಗಳಲ್ಲಿ ಸರಿಯಾಗಿಯೇ ಮಾಡಿದ್ದೆವು. ನಮ್ಮ ಇಷ್ಟದ ಪಕ್ಷದ ಹಾಳೆ ತೆಗೆದು ಅದರಲ್ಲಿನ ಕಳ್ಳನನ್ನು ಹೊಡೆಯುತ್ತಿದ್ದೆವು. ಈ ಸಲ ಕಳ್ಳನನ್ನು ಹುಡುಕಿಕೊಂಡು ಅವನ ಮನೆಗೇ ಹೋದೆವು. ಒಳಗೆ ಕೂತಿದ್ದ ಅತ್ತೆಯನ್ನು ಕೇಳಿದೆ, ನಿಮಗೂ ಇದು ಹೊಳೆಯಲಿಲ್ಲವೇ ಎಂದು.

"ಹೊಳೀತು ಕಣೇ," ಎಂದಳು ಮುದುಕಿ. "ಆದ್ರೆ ಬೇರೆ ಹಾಳೇಲಿ ಅವ್ನ ಹೆಸರೇ ಇರ್ಲಿಲ್ವಲ್ಲ. ಎಲ್ಲಿ ಎಳೀಲಿ?"

ಆ ಮಾತು ಕೇಳಿ ಮೊದಲು ನಗು ಬಂತು. ಆಮೇಲೆ ಬಂದದ್ದು ನಗುವಲ್ಲ. ನಿಮ್ಮ ಇಡೀ ಪ್ರಚಾರ ನನಗೆ ಅರ್ಥವಾದದ್ದು ಅವಳ ಬಾಯಿಂದ. ನೀವು ನಮ್ಮ ಮುಂದೆ ಇಟ್ಟದ್ದು ಸಿಟ್ಟಿನ ಹಾಳೆಯೊಂದನ್ನೇ. ಸರ್ಕಾರದ ಮೇಲೆ ಸಿಟ್ಟಿದ್ದವನು ಅದರಲ್ಲೇ ಬರೆದ, ನಿಮ್ಮ ಮೇಲೆ ಸಿಟ್ಟಿದ್ದವನೂ ಅದರಲ್ಲೇ ಬರೆದ. ಎಣಿಸುವಾಗ ಎರಡೂ ನಿಮ್ಮ ಲೆಕ್ಕಕ್ಕೇ ಸೇರಿದವು. ಹೊಗೆಯ ಬಗ್ಗೆ ಯಾರು ಏನು ಹೇಳುತ್ತಾರೆಂದು ಉಳಿದ ಹಾಳೆಗಳಲ್ಲಿ ಹುಡುಕುವ ತಾಳ್ಮೆ ನಮಗೂ ಇರಲಿಲ್ಲ. ನಿಜ ಹೇಳಬೇಕೆಂದರೆ ಉಳಿದವರೂ ನಿಮ್ಮ ಹಾಗೇ ರಸ್ತೆ, ಆಸ್ಪತ್ರೆ ಎಂದೇ ಕೂಗುತ್ತಿದ್ದರು. ಒಂದು ಪಕ್ಷವಂತೂ ಬರೀ ನಿಮ್ಮನ್ನು ಬೈಯುವುದನ್ನೇ ತನ್ನ ಯುರೋಪ್ ನೀತಿ ಎಂದುಕೊಂಡಿತ್ತು. ನಮ್ಮ ಗೀಟುಗಳು ರೀಗಾ, ಲಿಯೆಪಾಯಾ ಪಟ್ಟಣಗಳ ಕೂಡುವ ಗುರುತುಗಳ ನಡುವೆ ಎಲ್ಲಿ ಕರಗಿದವೋ ಗೊತ್ತಿಲ್ಲ. ನಿಮ್ಮ ಅಭ್ಯರ್ಥಿ ಆರಾಮವಾಗಿ ಗೆದ್ದರು. ನಮ್ಮ ಮತಗಳು ಮಾತ್ರ ಕರಗಲಿಲ್ಲ. ಅವನ್ನು ಎತ್ತಿ ತೋರಿಸಿ ನೀವು ಪತ್ರಿಕೆಗೆ ಹೇಳಿಕೆ ಕೊಟ್ಟಿರಿ.

ಹೇಳಿಕೆ ಬಂದದ್ದು ನಡುಬೇಸಿಗೆಯ ಯಾನಿ ಹಬ್ಬದ ವಾರ. ಹಬ್ಬದ ಸಂಜೆ ಬೆಂಕಿಯ ಸುತ್ತ ಒಂದೂರಿನವರು ಇನ್ನೊಂದೂರಿನವರನ್ನು ಹಾಡು ಕಟ್ಟಿ ಅಣಕಿಸುವುದು ನಮ್ಮಲ್ಲಿ ಇದ್ದದ್ದೇ. ಈ ಸಲ ಪಕ್ಕದೂರಿನ ಹೆಂಗಸರು ಓಕ್ ಎಲೆಯ ಕಿರೀಟ ಹೊತ್ತ ತಮ್ಮ ಗಂಡಸರನ್ನು ಮುಂದೆ ಬಿಟ್ಟುಕೊಂಡು ಬಂದು ನಮ್ಮ ಬೆಂಕಿಯ ಮುಂದೆ ನಿಂತರು. ವೇಯ್ರಾಗ್ಸ್‌ನವರು ಕಳ್ಳನಿಗೆ ಒದೆಯಲು ಹೋಗಿ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು ಎಂದು ಹಾಡಿದರು. ಇಂಥ ಹಾಡಿಗೆ ಎದುರು ಹಾಡು ಕಟ್ಟುವುದರಲ್ಲಿ ನನ್ನ ಅತ್ತೆಯನ್ನು ಈ ತೀರದಲ್ಲಿ ಯಾರೂ ಮೀರಿಸಿಲ್ಲ. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಶಾಜೀರಿಗೆ ಹಾಕಿದ ಚೀಸಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಬೆಂಕಿ ನೋಡುತ್ತಾ ಕೂತಿದ್ದಳು. ಬಾಯಿ ತೆರೆಯಲಿಲ್ಲ. ಇದಕ್ಕೆ ನಾನು ನಿಮ್ಮನ್ನು ಕ್ಷಮಿಸುವುದಿಲ್ಲ.

ಈಗ ನನ್ನ ಬೇಡಿಕೆ. ಮೊದಲು ಆ ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಕಡಲತೀರದ ಜನ ನಿಮ್ಮ ಜೊತೆ ನಿಲ್ಲಲಿಲ್ಲ, ನಿಮ್ಮನ್ನು ಹೊಡೆಯುವ ಭರದಲ್ಲಿ ನಿಮ್ಮ ಮೇಲೆ ಬಿದ್ದರು ಎಂದು ಅದೇ ಪತ್ರಿಕೆಯಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಹೇಳಿ. ಆಮೇಲೆ ಈಗ ಯುರೋಪಿನ ಸಂಸತ್ತಿನ ಸದಸ್ಯರಾಗಿರುವ ನಿಮ್ಮ ಮಾಜಿ ಅಭ್ಯರ್ಥಿಯನ್ನು ನಮ್ಮ ಸಮುದಾಯ ಭವನಕ್ಕೆ ಇನ್ನೊಮ್ಮೆ ಕರೆತನ್ನಿ. ಕಾಫಿ, ಬನ್ನು ನಮ್ಮದೇ. ರಸ್ತೆಯ ಮಾತು ಬೇಡ, ಅದನ್ನು ರಸ್ತೆ ಮಾಡುವವರ ಹತ್ತಿರ ನಾವೇ ಆಡಿಕೊಳ್ಳುತ್ತೇವೆ. ಹೊಗೆಮನೆಗಳ ರಿಯಾಯಿತಿ ಮತಕ್ಕೆ ಬಂದ ದಿನ ಕೈ ಎತ್ತುತ್ತಾರೋ ಇಲ್ಲವೋ, ಅಷ್ಟನ್ನು ದಗ್ನಿಯಾಗೆ ಹೇಳಿ ಹೋಗಲಿ. ಎತ್ತುವುದಿಲ್ಲ ಎಂದರೂ ಸರಿ. ಚಳಿಗಾಲ ಬರುವುದರೊಳಗೆ ಹೇಳಲಿ, ನೆಲ ಹೆಪ್ಪುಗಟ್ಟಿದ ಮೇಲೆ ಗೂಡು ಕಟ್ಟಲಾಗುವುದಿಲ್ಲ.

ಗೂಡು ಕಟ್ಟುವ ಮೇಸ್ತ್ರಿ ಕಳೆದ ವಾರ ಬಂದಿದ್ದ. ಕಟ್ಟಲೋ ಬೇಡವೋ ಎಂದು ಕೇಳಿದ. ಕಾಯಿರಿ ಎಂದೆ. ಯಾರಿಗೆ ಕಾಯಬೇಕು ಎಂದ, ಹೇಳಿದೆ. ಅವನು ನಗಲಿಲ್ಲ, ಪಾಪ. ತನ್ನ ಸಾಮಾನು ಎತ್ತಿಕೊಂಡು ಬೇರೆ ಕೆಲಸಕ್ಕೆ ಹೋದ. ದಗ್ನಿಯಾ ಕೆಲಸ ಬಿಡುವ ಪತ್ರವನ್ನು ಇನ್ನೂ ಕೊಟ್ಟಿಲ್ಲ. ತರಿಸಿದ ಇಟ್ಟಿಗೆಗಳು ಅಂಗಳದಲ್ಲಿ ಪೇರಿಸಿಟ್ಟ ಹಾಗೇ ಇವೆ.

ಸಮುದ್ರದ ಕಡೆಯಿಂದ ಮಳೆ ಬಂದಾಗ ಇಟ್ಟಿಗೆ ನೆನೆಯಬಾರದೆಂದು ಮಗಳು ಅವುಗಳ ಮೇಲೆ ನಿಮ್ಮ ಬ್ಯಾನರು ಹೊದಿಸಿದ್ದಾಳೆ. ಸಮುದಾಯ ಭವನದಲ್ಲಿ ನೀವು ಬಿಟ್ಟು ಹೋದದ್ದು. ಬಟ್ಟೆ ಗಟ್ಟಿಯಾಗಿದೆ, ನೀರು ಇಳಿಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಮೊದಲು ಕಾಣುವುದು 'ಮೊದಲು ನಮ್ಮ ಮನೆ' ಎನ್ನುವ ಅಕ್ಷರ, ಪಕ್ಕದಲ್ಲಿ ಆಕಾಶ ನೋಡಿ ನಗುತ್ತಿರುವ ಆ ಮುಖ. ನಮ್ಮ ಹೊಗೆಮನೆಗೆ ನಿಮ್ಮ ಪಕ್ಷದಿಂದ ಈವರೆಗೆ ಆದ ಉಪಕಾರ ಅದೊಂದೇ. ಉತ್ತರ ಬಂದ ದಿನ ಅದನ್ನು ತೆಗೆದು ಮಡಚಿ ನಿಮಗೆ ವಾಪಸು ಕಳಿಸುತ್ತೇವೆ. ಅಲ್ಲಿಯವರೆಗೆ ನಮ್ಮ ಇಟ್ಟಿಗೆಗಳು ಅವರ ಮುಖದ ಕೆಳಗೇ ಇರುತ್ತವೆ.

ಇಂತಿ,
ನಿಮ್ಮವರ ಹೆಸರನ್ನು ಹೊಡೆದು ನಿಮ್ಮನ್ನೇ ಗೆಲ್ಲಿಸಿದ ಮತದಾರಳು,
ಔಸ್ತ್ರಾ ಲೀದಾಕಾ
ವೇಯ್ರಾಗ್ಸ್